ಗೋಧಿ ಹಾಲಿನ ಅಂಟು, ಅಪ್ಪನ ಪಂಚೆ, ಮೂವತ್ತು ತುಂಡಿನ ನಕ್ಷೆ

ಕವರ್ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಆಮೇಲೆ ಮೇಜಿನ ಮೇಲೆ ಕಂದು ಪುಡಿ ಉದುರಿತು. ಮಾರಿದವರು ‘ವಯಸ್ಸಿಗೆ ತಕ್ಕ ಸ್ಥಿತಿಯಲ್ಲಿದೆ’ ಎಂದು ಬರೆದಿದ್ದರು. ಹಳೇ ನಕ್ಷೆ ಕೊಳ್ಳುವವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು. ಬೇಕಾದರೆ ತಗೊಳ್ಳಿ, ಆಮೇಲೆ ನಮ್ಮನ್ನು ಕೇಳಬೇಡಿ, ಅಷ್ಟೇ.

ಇದು ಪ್ಯಾಲೆಸ್ಟೈನ್ ನಕ್ಷೆ. ಎಡಿನ್‌ಬರೋದ ಬಾರ್ತಲೊಮ್ಯೂ ಕಂಪನಿಯದು, ಇಂಚಿಗೆ ನಾಲ್ಕು ಮೈಲಿ ಲೆಕ್ಕ. ಮೊದಲು ಬಂದದ್ದು 1901ರಲ್ಲಿ, ಜಾರ್ಜ್ ಆಡಮ್ ಸ್ಮಿತ್ ಎಂಬ ಬೈಬಲ್ ವಿದ್ವಾಂಸರ ಉಸ್ತುವಾರಿಯಲ್ಲಿ. ಯುದ್ಧಕ್ಕೆಂದು ಮಾಡಿದ್ದೇ ಅಲ್ಲ. ಬೈಬಲ್ ಓದುವವರು, ಪ್ರವಾಸ ಹೋಗುವವರು ಕೊಳ್ಳುತ್ತಿದ್ದರು. 1914ರಲ್ಲಿ ಶುರುವಾದ ಮೊದಲ ಮಹಾಯುದ್ಧ ಪ್ಯಾಲೆಸ್ಟೈನ್ ಬಾಗಿಲಿಗೆ ಬಂದಾಗ ಇಂಥ ನಕ್ಷೆಗಳೇ ಯುದ್ಧ ನಕ್ಷೆಗಳಾದವು. ಬೆಳಿಗ್ಗೆ ಪೇಪರ್ ಓದುವುದು, ಊರಿನ ಹೆಸರು ಹುಡುಕುವುದು, ಸಣ್ಣ ಬಾವುಟದ ಗುಂಡುಸೂಜಿ ಚುಚ್ಚುವುದು. ಆ ಕಾಲದ ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಇದೇ ಕೆಲಸ.

ನಾನು ಇದನ್ನು ಕೊಂಡದ್ದು ಹೈಫಾ ಎಂಬ ಬಂದರು ಊರಿಗಾಗಿ, ಈಗ ಅದು ಇಸ್ರೇಲಿನಲ್ಲಿದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ, ನಿಂತು ನೋಡಿದ್ದು ಮಾತ್ರ ತೀರಾ ಈಚೆಗೆ. ಮೈಸೂರು ಸಂಸ್ಥಾನದ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಬ್ರಿಟಿಷರ ಪರವಾಗಿ, ಜೋಧಪುರದ ದಳದ ಜೊತೆ ಸೇರಿ, ತುರ್ಕರಿಂದ ಹೈಫಾ ಗೆದ್ದ ಕಥೆ ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು ಎಂಬುದೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಆ ಜಾಗವನ್ನು ಆ ಕಾಲದವರು ನೋಡುತ್ತಿದ್ದ ಹಾಗೇ ನೋಡಬೇಕು ಅನ್ನಿಸಿತು.

ನನ್ನ ಹತ್ತಿರ ಹನ್ನೆರಡು ಯುದ್ಧಕಾಲದ ಮಡಿಕೆ ನಕ್ಷೆಗಳಿವೆ. ಒಂದು ರೇಯಾನ್ ಬಟ್ಟೆಯದು. ಎರಡನೇ ಮಹಾಯುದ್ಧದಲ್ಲಿ ಶತ್ರು ನಾಡಿನಲ್ಲಿ ಬಿದ್ದ ವಿಮಾನ ಸಿಬ್ಬಂದಿ ತಪ್ಪಿಸಿಕೊಂಡು ಬರಲೆಂದು ಬ್ರಿಟನ್ನಿನ ಎಂಐ9 ವಿಭಾಗ ರೇಷ್ಮೆ, ರೇಯಾನ್ ಮೇಲೆ ಅಚ್ಚು ಹಾಕಿಸಿದ ಜಾತಿಯದ್ದು. ಅದನ್ನು ಮುದುಡಿ ಜೇಬಿಗೆ ತುರುಕಿದರೂ ಸದ್ದಿಲ್ಲ, ನೆನೆದರೂ ಹರಿಯುವುದಿಲ್ಲ. ರಿಪೇರಿ ಮಾಡಲು ಅದರಲ್ಲಿ ಏನೂ ಇಲ್ಲ, ಹಾಗಾಗಿ ಅದರ ಬಗ್ಗೆ ಬರೆಯಲೂ ಏನಿಲ್ಲ. ಈ ಪ್ಯಾಲೆಸ್ಟೈನ್ ನಕ್ಷೆ ಅದಕ್ಕೆ ತದ್ವಿರುದ್ಧ.

ಏನೇನು ಹಾಳಾಗಿತ್ತು

ಮೊದಲು ಇದರ ಕಟ್ಟೋಣ ಹೇಳಬೇಕು. ಕಾಗದವನ್ನು ಪದೇ ಪದೇ ಮಡಿಸಿದರೆ ಮಡಿಕೆಯಲ್ಲೇ ಹರಿಯುತ್ತದೆ. ಅದಕ್ಕೆ ಆಗಿನವರು ಒಂದು ಉಪಾಯ ಮಾಡುತ್ತಿದ್ದರು. ನಕ್ಷೆಯನ್ನೇ ಆಯತದ ತುಂಡುಗಳಾಗಿ ಕತ್ತರಿಸಿ, ನಡುವೆ ಒಂದೂವರೆ ಮಿಲಿಮೀಟರ್ ಸಂದು ಬಿಟ್ಟು, ತೆಳು ಬಟ್ಟೆಯ ಮೇಲೆ ಅಂಟಿಸುವುದು. ಮಡಿಕೆ ಬೀಳುವುದು ಬಟ್ಟೆಗೆ, ಕಾಗದಕ್ಕಲ್ಲ. ಜಾಣತನದ ಕೆಲಸ. ಒಂದೇ ತೊಂದರೆ, ಸ್ಕೇಲ್ ಇಟ್ಟು ದೂರ ಅಳೆಯುವಾಗ ದಾಟಿದ ಪ್ರತಿ ಸಂದಿಗೂ ಒಂದೂವರೆ ಮಿಲಿಮೀಟರ್ ಕಳೆಯಬೇಕು. ಈ ನಕ್ಷೆಯ ಲೆಕ್ಕದಲ್ಲಿ ಅದು ಸುಮಾರು ಕಾಲು ಮೈಲಿ.

ನನ್ನ ಪ್ರತಿಯಲ್ಲಿ ಅಡ್ಡಕ್ಕೆ ಆರು, ಉದ್ದಕ್ಕೆ ಐದು, ಒಟ್ಟು 30 ತುಂಡು. ಎಡಗಡೆ ಮೇಲಿನಿಂದ ಶುರುಮಾಡಿ ನಂಬರ್ ಕೊಟ್ಟುಕೊಂಡೆ. ನಕ್ಷೆಯ ಮೇಲಲ್ಲ, ನೋಟ್‌ಬುಕ್ಕಿನಲ್ಲಿ. ಗಾಜಾ 25ನೇ ತುಂಡಿನಲ್ಲಿ, ಜೆರುಸಲೇಂ 22ರಲ್ಲಿ, ಹೈಫಾ ಮತ್ತು ಕಾರ್ಮೆಲ್ ಬೆಟ್ಟ 9ರಲ್ಲಿ, ಅಫುಲಾ ಅದರ ಪಕ್ಕದ 10ರಲ್ಲಿ.

ಹಾನಿಯ ಪಟ್ಟಿ ಹೀಗಿತ್ತು. ಉದ್ದುದ್ದ ಮಡಿಕೆಗಳಲ್ಲಿ ಮೂರು ಕಡೆ ಬಟ್ಟೆ ಪೂರ್ತಿ ಸವೆದು ಬಿಟ್ಟುಕೊಂಡಿತ್ತು. ನಾಲ್ಕು ತುಂಡುಗಳ ಮೂಲೆ ಸೇರುವ ಜಾಗಗಳಲ್ಲಿ ತೂತು. ಎಂಟು ತುಂಡುಗಳ ಅಂಚು ಎದ್ದಿತ್ತು. ನಾನು ಯಾವುದಕ್ಕಾಗಿ ದುಡ್ಡು ಕೊಟ್ಟೆನೋ ಆ ಒಂಬತ್ತನೇ ತುಂಡು ಬಟ್ಟೆಯಿಂದ ಪೂರಾ ಕಳಚಿ, ಬೀಡಿಯ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಹಿಂಭಾಗದಲ್ಲಿ ಯಾರೋ ಪುಣ್ಯಾತ್ಮರು ಎರಡು ಕಡೆ ಸೆಲ್ಲೋಟೇಪ್ ಹಚ್ಚಿದ್ದರು. ಬ್ರಿಟನ್ನಿನಲ್ಲಿ ಸೆಲ್ಲೋಟೇಪ್ ಬಂದದ್ದು 1937ರಲ್ಲಿ. ಅಂದರೆ ಇದು ಯುದ್ಧಕಾಲದ ರಿಪೇರಿಯಲ್ಲ, ಕಿತ್ತು ಹಾಕಿದರೆ ಇತಿಹಾಸಕ್ಕೆ ನಷ್ಟವಿಲ್ಲ.

ಆಮೇಲೆ ತೂತುಗಳು. ಬೆಳಕಿಗೆ ಹಿಡಿದಾಗ ಕಂಡವು. ಗಾಜಾ ಸುತ್ತ ಹನ್ನೊಂದು, ಜರಡಿಯ ಹಾಗೆ. ಬ್ರಿಟಿಷರು ಗಾಜಾ ಮೇಲೆ 1917ರ ಮಾರ್ಚ್‌ನಲ್ಲಿ ಬಿದ್ದು ಸೋತರು, ಏಪ್ರಿಲ್‌ನಲ್ಲಿ ಮತ್ತೆ ಸೋತರು. ಅಕ್ಟೋಬರ್ 31ಕ್ಕೆ ಬೀರ್‌ಶೆಬಾ ಗೆದ್ದು, ನವೆಂಬರ್ 7ಕ್ಕೆ ಗಾಜಾ ಹಿಡಿದರು. ಏಳೆಂಟು ತಿಂಗಳು ಸೂಜಿ ಅಲ್ಲಲ್ಲೇ ಹಿಂದೆ ಮುಂದೆ ಆಡಿದೆ. ಆ ತೂತುಗಳ ಸುತ್ತ ತುಕ್ಕಿನ ಉಂಗುರವೂ ಇದೆ. ಜೆರುಸಲೇಂ ಹತ್ತಿರ ನಾಲ್ಕು ತೂತು. ಹೈಫಾದಲ್ಲಿ ಒಂದೇ ಒಂದು, ತುಕ್ಕಿಲ್ಲದ್ದು. ಅದು ಸರಿಯೇ. ಹೈಫಾ ಬಿದ್ದ ಮೇಲೆ ಸೈನ್ಯ ನಿಲ್ಲಲಿಲ್ಲ, ಅಕ್ಟೋಬರ್ 26ಕ್ಕೆ ಸಿರಿಯಾದ ಅಲೆಪ್ಪೊ ತಲುಪಿತು. ಅಲೆಪ್ಪೊ ಈ ನಕ್ಷೆಯಲ್ಲೇ ಇಲ್ಲ. ಸೂಜಿ ಮೇಲಿನ ಅಂಚು ದಾಟಿ ಮೇಜಿನ ಮೇಲೆ ಹೋಗಿರಬೇಕು.

ಇದನ್ನು ನೋಡಿದ ಮೇಲೆ ಒಂದು ತೀರ್ಮಾನ ಮಾಡಿದೆ. ತೂತು ಮುಚ್ಚುವುದಿಲ್ಲ, ತುಕ್ಕು ತೆಗೆಯುವುದಿಲ್ಲ, ನಕ್ಷೆಯ ಮೇಲೆ ಯಾರೋ ಎಳೆದ ಪೆನ್ಸಿಲ್ ಗೆರೆ ಮುಟ್ಟುವುದಿಲ್ಲ. ಅಚ್ಚಾದ ನಕ್ಷೆ ಬೇರೆ ಕಡೆಯೂ ಸಿಗುತ್ತದೆ. ಈ ತೂತುಗಳು ಇನ್ನೊಂದು ಕಡೆ ಸಿಗುವುದಿಲ್ಲ.

ಅವೆನ್ಯೂ ರೋಡಿನ ಸಲಹೆ

ಬ್ಲಾಟಿಂಗ್ ಪೇಪರ್ ತರಲು ಅವೆನ್ಯೂ ರೋಡಿಗೆ ಹೋದಾಗ ಪರಿಚಯದ ಬೈಂಡರ್ ಒಬ್ಬರಿಗೆ ಫೋಟೋ ತೋರಿಸಿದೆ. ನಲವತ್ತು ವರ್ಷದಿಂದ ಲೆಡ್ಜರ್ ಬೈಂಡ್ ಮಾಡುವವರು.

“ಇಷ್ಟಕ್ಕೆ ಇಷ್ಟೊಂದು ಯೋಚ್ನೆನಾ ಸಾರ್? ತಂದ್ಕೊಡಿ. ಹಳೇ ಬಟ್ಟೆ ಪೂರ್ತಿ ಕಿತ್ತು ಹೊಸ ಬಟ್ಟೆ ಹಾಕ್ಕೊಡ್ತೀನಿ. ಬೇಕಂದ್ರೆ ಮೇಲೆ ಲ್ಯಾಮಿನೇಶನ್ನೂ ಹೊಡೆಸಬಹುದು.”

ಲ್ಯಾಮಿನೇಶನ್ ಎಂಬ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸಿದ ಕಾಗದವನ್ನು ಮತ್ತೆ ಬಿಡಿಸುವುದು ಆಗದ ಮಾತು. ಪೂರ್ತಿ ಬಟ್ಟೆ ಬದಲಿಸುವುದೂ ಬೇಡ ಅಂದೆ. ಸವೆದ ಜಾಗಕ್ಕೆ ಮಾತ್ರ ಪಟ್ಟಿ ಕೊಟ್ಟರೆ ಸಾಕು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. “ತೇಪೆ ಹಾಕಿದ ಅಂಗಿ ಥರ ಕಾಣುತ್ತೆ” ಅಂದರು. ಕಾಣಲಿ, ಪರವಾಗಿಲ್ಲ.

ಇನ್ನೊಂದು ಸಲಹೆ ಕೊಟ್ಟರು. “ಅಂಟಿಗೆ ಚೂರು ಮೈಲುತುತ್ತ ಹಾಕಿ, ಹುಳ ಹತ್ರಾನೂ ಬರಲ್ಲ.” ನಮ್ಮಲ್ಲಿ ಬೈಂಡಿಂಗ್ ಅಂಟಿಗೆ ಮೈಲುತುತ್ತ ಹಾಕುವುದು ಹಳೇ ರೂಢಿ. ಹುಳ ಬರುವುದಿಲ್ಲ ಎಂಬುದು ನಿಜ. ಆದರೆ ಅದರಲ್ಲಿರುವ ತಾಮ್ರ ಕಾಗದದ ನಾರನ್ನು ಬೇಗ ಕೆಡಿಸುತ್ತದೆ. ನಾಲ್ಕು ವರ್ಷ ಬಾಳುವ ಲೆಡ್ಜರ್‌ಗೆ ಅದು ಲೆಕ್ಕಕ್ಕಿಲ್ಲ, ನೂರು ವರ್ಷದ ಕಾಗದಕ್ಕೆ ಲೆಕ್ಕ. ಈ ಸಲಹೆ ನಾನು ತೆಗೆದುಕೊಳ್ಳಲಿಲ್ಲ. ಅವರು ಹೇಳಿದ ಮೂರನೇ ಮಾತು ಮಾತ್ರ ಆಮೇಲೆ ನನ್ನ ಮಾನ ಉಳಿಸಿತು. ಅದು ಮುಂದೆ ಬರುತ್ತದೆ.

ಒಣ ಕೆಲಸ

ಮೊದಲ ಶನಿವಾರ ಪೂರ್ತಿ ದೂಳು ತೆಗೆಯುವುದರಲ್ಲೇ ಹೋಯಿತು. ಮೆತ್ತನೆ ಬ್ರಶ್ಶಿನಿಂದ ಗುಡಿಸಿದೆ. ಬಿಳಿ ರಬ್ಬರನ್ನು ತುರಿಯುವ ಮಣೆಯಲ್ಲಿ ತುರಿದು, ಆ ಪುಡಿಯನ್ನು ಬೆರಳ ತುದಿಯಿಂದ ಹಗುರಾಗಿ ಉರುಳಿಸಿದೆ. ಪುಡಿ ಕಪ್ಪಾಗುತ್ತದೆ, ಗುಡಿಸಿ ಹೊಸ ಪುಡಿ ಹಾಕಬೇಕು. ಪೆನ್ಸಿಲ್ ಗೆರೆಗಳ ಅಕ್ಕಪಕ್ಕ ಒಂದು ಬೆರಳು ಜಾಗ ಬಿಟ್ಟೆ.

ಕೊಳೆ ಹೋದ ಮೇಲೆ ಬಾರ್ತಲೊಮ್ಯೂ ಬಣ್ಣ ಎದ್ದು ಬಂತು. ತಗ್ಗಿಗೆ ಹಸಿರು, ಎತ್ತರಕ್ಕೆ ಕಂದು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಛಾಯೆಗಳು. ಈ ಶೈಲಿಗೇ ಆ ಕಂಪನಿ ಹೆಸರಾಗಿತ್ತು. ಬೆಟ್ಟ ಎಲ್ಲಿ, ಬಯಲು ಎಲ್ಲಿ ಎಂದು ಓದುವುದೇ ಬೇಡ, ಕಣ್ಣಿಗೇ ಹೊಡೆಯುತ್ತದೆ. ಕರಾವಳಿಯಲ್ಲಿ ಹಸಿರು ಪಟ್ಟಿ ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಕಾರ್ಮೆಲ್ ಬೆಟ್ಟದ ಹತ್ತಿರ ನೂಲಿನಷ್ಟು ಸಣ್ಣದಾಗುತ್ತದೆ. ಅದರ ಆಚೆ ತುದಿಯಲ್ಲಿ ಹೈಫಾ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೀಶೋನ್ ನದಿಯ ಜೌಗು, ನಡುವೆ ಇಕ್ಕಟ್ಟಾದ ದಾರಿ. ಕುದುರೆ ದಳಕ್ಕೆ ಯಾಕೆ ಕಷ್ಟವಾಯಿತು ಎಂದು ಹತ್ತು ಪುಟ ಓದಿದರೂ ನನಗೆ ಹೊಳೆದಿರಲಿಲ್ಲ. ಇಲ್ಲಿ ಎರಡು ಬಣ್ಣ ನೋಡಿದ ಕೂಡಲೇ ಹೊಳೆಯಿತು. ಮೈಸೂರಿನ ಒಂದು ತುಕಡಿಯನ್ನು ಬೆಟ್ಟದ ಮೇಲಿದ್ದ ಫಿರಂಗಿಗಳ ಕಡೆಗೆ ಹತ್ತಿಸಿದ್ದೂ ಅದಕ್ಕೇ. ಮೇಲಿನ ಫಿರಂಗಿ ಸುಮ್ಮನಾಗದೆ ಕೆಳಗಿನ ದಾರಿಯಲ್ಲಿ ಕುದುರೆ ಓಡಿಸುವಂತಿರಲಿಲ್ಲ.

ಈ ನಕ್ಷೆಗೆ ಆಧಾರವಾದ ಸರ್ವೆಯ ಕಥೆಯೂ ಸ್ವಾರಸ್ಯದ್ದು. ಪ್ಯಾಲೆಸ್ಟೈನ್ ಎಕ್ಸ್‌ಪ್ಲೊರೇಶನ್ ಫಂಡ್ ಎಂಬ ಸಂಸ್ಥೆಗಾಗಿ 1871ರಿಂದ 1877ರವರೆಗೆ ಇಂಚಿಗೆ ಒಂದು ಮೈಲಿ ಲೆಕ್ಕದಲ್ಲಿ ಅಳೆದವರಲ್ಲಿ ಮುಖ್ಯರು ಕಾಂಡರ್ ಮತ್ತು ಕಿಚನರ್. ಹೌದು, ಅದೇ ಕಿಚನರ್. ಮುಂದೆ ಭಾರತದ ದಂಡನಾಯಕರಾಗಿ ಬಂದವರು. ಆಮೇಲೆ ಯುದ್ಧಮಂತ್ರಿಯಾಗಿ, ದೊಡ್ಡ ಮೀಸೆ ಹೊತ್ತು, ಸೈನ್ಯಕ್ಕೆ ಸೇರಿ ಎಂದು ಪೋಸ್ಟರಿನಿಂದ ಬೆರಳು ತೋರಿಸಿದವರು. ಚಿಕ್ಕ ವಯಸ್ಸಿನಲ್ಲಿ ಸರಪಳಿ ಹಿಡಿದು ಅಳೆದ ನೆಲದಲ್ಲೇ ತಮ್ಮ ಸೈನ್ಯ ಹೋರಾಡಿದ್ದನ್ನು ನೋಡಲು ಅವರು ಇರಲಿಲ್ಲ, 1916ರಲ್ಲಿ ಹಡಗು ಮುಳುಗಿ ಸತ್ತರು.

ಸೆಲ್ಲೋಟೇಪಿಗೆ ಹೇರ್ ಡ್ರೈಯರ್ ಸಾಕಾಯಿತು. ಬೆಚ್ಚಗಿನ ಗಾಳಿ ಹಿಡಿದು, ಸರ್ಜಿಕಲ್ ಬ್ಲೇಡಿನ ಬೆನ್ನಿನಿಂದ ಮೇಲಿನ ಪ್ಲಾಸ್ಟಿಕ್ ಎತ್ತಿದೆ. ಉಳಿದ ಜಿಗುಟನ್ನು ಕ್ರೇಪ್ ರಬ್ಬರಿನಿಂದ ಉಜ್ಜಿ ಉಂಡೆ ಮಾಡಿ ತೆಗೆದೆ. ಹಳದಿ ಕಲೆ ಉಳಿಯಿತು. ಅದು ಹಿಂಭಾಗದಲ್ಲಿ ಇರುವುದರಿಂದ ಬಿಟ್ಟೆ.

ಗೋಧಿ ಹಾಲು

ಕಾಗದ ರಿಪೇರಿ ಮಾಡುವವರು ಎಲ್ಲ ಕಡೆ ಹೇಳುವ ಅಂಟು ಒಂದೇ, ಗೋಧಿ ಪಿಷ್ಟದ್ದು. ಮೈದಾ ಅಂಟಲ್ಲ. ಮೈದಾದಲ್ಲಿ ಜಿಗುಟು ಅಂಶ ಇರುತ್ತದೆ. ಅದರಿಂದ ಅಂಟು ಗಟ್ಟಿಯಾಗುತ್ತದೆ, ಹಳದಿಯಾಗುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಬರೀ ಪಿಷ್ಟದ ಅಂಟಾದರೆ ಐವತ್ತು ವರ್ಷದ ಮೇಲೂ ನೀರು ತಾಗಿಸಿ ಬಿಡಿಸಬಹುದು. ಆನ್‌ಲೈನಿನಲ್ಲಿ ಸಣ್ಣ ಡಬ್ಬಿಗೆ ಹೇಳುವ ರೇಟು ನೋಡಿ ಗಾಬರಿಯಾಗಿ ಅಮ್ಮನಿಗೆ ಹೇಳಿದೆ. ಜಿಗುಟು ತೆಗೆದು ಬರೀ ಪಿಷ್ಟ ಉಳಿಸಬೇಕಂತೆ, ಅದಕ್ಕೆ ಇಷ್ಟು ದುಡ್ಡಂತೆ ಅಂತ.

“ಗೋಧಿ ಹಾಲು ತಾನೇ? ಹಲ್ವಾಕ್ಕೆ ತೆಗೆಯೋದು. ಅದಕ್ಕೆ ದುಡ್ಡು ಕೊಟ್ಟು ತರ್ತಾರೇನೋ ಯಾರಾದ್ರೂ?”

ನಿಜಕ್ಕೂ ಅದೇ. ಎರಡು ದಿನ ಗೋಧಿ ನೆನೆಸಿದರು, ದಿನಕ್ಕೆರಡು ಸಲ ನೀರು ಬದಲಿಸಿ. ರುಬ್ಬಿ, ಬಟ್ಟೆಯಲ್ಲಿ ಹಾಕಿ ಹಿಂಡಿದರು. ಜಿಗುಟೆಲ್ಲ ಚರಟದ ಜೊತೆ ಬಟ್ಟೆಯಲ್ಲೇ ಉಳಿಯಿತು. ಹಾಲನ್ನು ರಾತ್ರಿಯಿಡೀ ಅಲುಗಾಡದ ಹಾಗೆ ಇಟ್ಟು, ಬೆಳಿಗ್ಗೆ ಮೇಲಿನ ಹಳದಿ ನೀರು ಬಸಿದರು. ಹಲ್ವಾಕ್ಕೆ ಒಂದು ಸಲ ಸಾಕು. ನಾನು ಮೂರು ಸಲ ನೀರು ಬದಲಿಸಿದೆ, ಬಸಿದ ನೀರು ತಿಳಿಯಾಗುವವರೆಗೂ. ತಳದಲ್ಲಿ ಸುಣ್ಣದಷ್ಟು ಬೆಳ್ಳಗಿನ ಪಿಷ್ಟ ಕೂತಿತ್ತು. ಒಣಗಿಸಿ ಪುಡಿ ಮಾಡಿ ಡಬ್ಬಿಗೆ ಹಾಕಿದೆ.

ಒಂದು ಚಮಚ ಪಿಷ್ಟಕ್ಕೆ ಐದು ಚಮಚ ನೀರು, ಡಿಸ್ಟಿಲ್ಡ್ ವಾಟರ್. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಮೊದಲ ಸಲ ಫೋನ್ ಬಂತು, ಗಂಟು ಕಟ್ಟಿತು, ಚೆಲ್ಲಿದೆ. ಎರಡನೇ ಸಲ ಇಪ್ಪತ್ತೈದು ನಿಮಿಷ ತಿರುವಿದೆ. ಬಿಳಿ ಹೋಗಿ ಗಾಜಿನ ಹಾಗೆ ಆಗುತ್ತದಲ್ಲ, ಅದೇ ಹದ. ಆರಿದ ಮೇಲೆ ನೈಲಾನ್ ಜರಡಿಯಲ್ಲಿ ಎರಡು ಸಲ ಉಜ್ಜಿ, ನೀರು ಸೇರಿಸಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡೆ. ಮಳೆಗಾಲದಲ್ಲಿ ಇದು ಹೊರಗಿಟ್ಟರೆ ಎರಡೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಆಗಾಗ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ವಾಸಿ.

ನೇರಳೆ

ಈಗ ನಾನು ಮಾಡಿದ ಎಡವಟ್ಟು.

ನೀರು ತಾಗಿಸುವ ಮೊದಲು ಪ್ರತಿ ಬಣ್ಣವನ್ನೂ ಪರೀಕ್ಷೆ ಮಾಡಬೇಕು. ಒದ್ದೆ ಹತ್ತಿಯನ್ನು ಒಂದು ಚುಕ್ಕೆ ಜಾಗಕ್ಕೆ ಮುಟ್ಟಿಸಿ, ಬಣ್ಣ ಹತ್ತಿಗೆ ಬರುತ್ತದಾ ನೋಡುವುದು. ಹಸಿರು, ಕಂದು, ನೀಲಿ, ರಸ್ತೆಯ ಕೆಂಪು, ಅಕ್ಷರದ ಕಪ್ಪು, ಎಲ್ಲವನ್ನೂ ನೋಡಿದೆ. ಲಿಥೋ, ಅಂದರೆ ಕಲ್ಲಚ್ಚಿನ ಶಾಯಿ ಎಣ್ಣೆಯದು, ಏನೂ ಬರಲಿಲ್ಲ. ಗಾಜಾ ಹತ್ತಿರದ ಪೆನ್ಸಿಲ್ ಗೆರೆಯನ್ನೂ ನೋಡಿದೆ. ಜಗ್ಗಲಿಲ್ಲ. ಮಾಮೂಲಿ ಸೀಸದ ಕಡ್ಡಿ ಅಂದುಕೊಂಡೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅಲ್ವಾ? ಉಳಿದ ಗೆರೆಗಳನ್ನು ನೋಡಲೇ ಇಲ್ಲ.

ನಕ್ಷೆಯಲ್ಲಿ ಕೈಯಿಂದ ಎಳೆದ ಗೆರೆ ಮೂರು. ಒಂದು ಗಾಜಾ-ಬೀರ್‌ಶೆಬಾ ನಡುವೆ. ಇನ್ನೊಂದು ಜಾಫಾದ ಉತ್ತರದಿಂದ ಜೋರ್ಡಾನ್ ಕಣಿವೆಯ ಕಡೆಗೆ, 1918ರಲ್ಲಿ ಎರಡೂ ಸೈನ್ಯ ಎದುರುಬದುರು ಕೂತಿದ್ದ ಸಾಲು. ಮೂರನೆಯದು ತೆಳ್ಳಗೆ, ಮಸುಕಾಗಿ, ಅಫುಲಾದಿಂದ ಹೈಫಾಗೆ. ಒಂದು ಗೇಣಿಗಿಂತ ಕಡಿಮೆ ಉದ್ದ. ಸೆಪ್ಟೆಂಬರ್ 23ರ ಬೆಳಗಿನ ಜಾವ ಕುದುರೆ ದಳ ಹೊರಟ ದಾರಿ ಅದೇ.

ಸುರುಳಿಯಾಗಿದ್ದ ಒಂಬತ್ತನೇ ತುಂಡನ್ನು ಹಾಗೇ ಬಿಡಿಸಲು ಹೋದರೆ ಬಿರಿಯುತ್ತಿತ್ತು. ತೇವ ಕೊಟ್ಟು ಮೆತ್ತಗೆ ಮಾಡಬೇಕು. ದೊಡ್ಡ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಒದ್ದೆ ಸ್ಪಂಜು, ಮೇಲೆ ಜಾಲರಿ, ಅದರ ಮೇಲೆ ತುಂಡು, ಮುಚ್ಚಳ. ಎರಡು ಗಂಟೆಯಲ್ಲಿ ಅರ್ಧ ಬಿಡಿಸಿಕೊಂಡಿತು. ಇನ್ನೆರಡು ಗಂಟೆ ಕಾದಿದ್ದರೆ ಪೂರ್ತಿ ಆಗುತ್ತಿತ್ತು. ಕಾಯಲಿಲ್ಲ. ಒದ್ದೆ ಬ್ಲಾಟಿಂಗ್ ಪೇಪರ್ ಮೇಲೆ ಹರಡಿ, ಮೇಲಿನಿಂದ ಇನ್ನೊಂದು ಒದ್ದೆ ಹಾಳೆ ಮುಚ್ಚಿ ಕಾಫಿ ಕುಡಿಯಲು ಹೋದೆ.

ವಾಪಸ್ ಬಂದಾಗ ಮೇಲಿನ ಬ್ಲಾಟಿಂಗ್ ಪೇಪರಿನಲ್ಲಿ ನೇರಳೆ ಗೆರೆ ಮೂಡಿತ್ತು.

ಒಂದು ಕ್ಷಣ ಏನೆಂದೇ ಅರ್ಥವಾಗಲಿಲ್ಲ. ಎತ್ತಿ ನೋಡಿದರೆ, ಮಸುಕು ಬೂದು ಗೆರೆ ಇದ್ದ ಜಾಗದಲ್ಲಿ ಜಂಬುನೇರಳೆ ಹಣ್ಣು ಹಿಸುಕಿದ ಬಣ್ಣ. ಅಂಚು ಎರಡು ಮಿಲಿಮೀಟರ್ ಹರಡಿದೆ. ಅದು ಕಾಪಿಯಿಂಗ್ ಪೆನ್ಸಿಲ್. ಸೀಸದ ಜೊತೆ ಅನಿಲೀನ್ ಬಣ್ಣ ಬೆರೆಸಿ ಮಾಡುತ್ತಿದ್ದರು. ಒಣಗಿದಾಗ ಮಾಮೂಲಿ ಪೆನ್ಸಿಲ್ ಹಾಗೇ ಕಾಣುತ್ತದೆ, ನೀರು ತಾಗಿದರೆ ನೇರಳೆ ಶಾಯಿಯಾಗುತ್ತದೆ, ಅಳಿಸಲು ಆಗುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರ ಕೈಯಲ್ಲೂ ಇರುತ್ತಿತ್ತು. ಅಮ್ಮನಿಗೆ ತೋರಿಸಿದರೆ, “ನಮ್ಮ ತಾತ ನಾಲಿಗೆಗೆ ಮುಟ್ಟಿಸಿ ಬರೀತಿದ್ರಲ್ಲ, ಆ ಪೆನ್ಸಿಲ್ಲು. ನಾಲಿಗೆಯೆಲ್ಲ ನೇರಳೆ ಆಗಿರ್ತಿತ್ತು” ಅಂದರು. ಇದನ್ನು ಒಂದು ದಿನ ಮುಂಚೆ ಹೇಳಬಾರದಿತ್ತಾ!

ಮಾಡಬೇಕಾದದ್ದು ಒಂದೇ, ಆದಷ್ಟು ಬೇಗ ಒಣಗಿಸುವುದು. ಒಣ ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಐದೈದು ನಿಮಿಷಕ್ಕೆ ಹಾಳೆ ಬದಲಿಸಿದೆ. ನಾಲ್ಕನೇ ಹಾಳೆಗೆ ಬಣ್ಣ ಬರುವುದು ನಿಂತಿತು. ಸ್ಪಿರಿಟ್ ಹಚ್ಚಿ ತೆಗೆಯಬಹುದಾ ಎಂದು ಆಸೆ ಹುಟ್ಟಿತು. ಓದಿ ನೋಡಿದರೆ ಆ ಬಣ್ಣ ಸ್ಪಿರಿಟ್ಟಿನಲ್ಲಿ ಇನ್ನೂ ಚೆನ್ನಾಗಿ ಓಡುತ್ತದೆ. ಕೈ ಕಟ್ಟಿ ಕೂತೆ.

ಹತ್ತನೇ ತುಂಡಿಗೆ ನೀರು ತಾಗಿರಲಿಲ್ಲ. ಹಾಗಾಗಿ ಈಗ ಆ ಗೆರೆ ಅಫುಲಾದಿಂದ ಸಂದಿನವರೆಗೆ ಬೂದು, ಸಂದು ದಾಟಿದ ಮೇಲೆ ಹೈಫಾವರೆಗೆ ನೇರಳೆ. ನೋಡಿದವರೆಲ್ಲ ಬೇಕಂತಲೇ ಎರಡು ಬಣ್ಣದಲ್ಲಿ ಎಳೆದಿದ್ದಾರೆ ಅಂದುಕೊಳ್ಳುತ್ತಾರೆ.

ಪಂಚೆಯ ಪಟ್ಟಿ

ಸವೆದ ಮಡಿಕೆಗೆ ಬಟ್ಟೆ ಹುಡುಕಿ ಚಿಕ್ಕಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆ. ಹೊಸ ಮಲ್ ಬಟ್ಟೆಗೆ ಗಂಜಿ ಇರುತ್ತದೆ, ಒಗೆದ ಮೇಲೆ ಕುಗ್ಗುತ್ತದೆ, ಬಿಳುಪು ಕಣ್ಣಿಗೆ ಕುಕ್ಕುತ್ತದೆ. ಕೊನೆಗೆ ಮನೆಯ ಬೀರುವಿನಲ್ಲೇ ಸಿಕ್ಕಿತು, ಅಪ್ಪನ ಹಳೇ ಹತ್ತಿ ಪಂಚೆ. ಇಪ್ಪತ್ತು ವರ್ಷ ಒಗೆದು ಒಗೆದು ಕುಗ್ಗುವುದೆಲ್ಲ ಕುಗ್ಗಿ ಮುಗಿದಿತ್ತು. ನಕ್ಷೆಯ ಬಟ್ಟೆಗಿಂತ ತುಸು ತೆಳ್ಳಗೂ ಇತ್ತು, ಅದೇ ಬೇಕಾದದ್ದು. ತೇಪೆ ಯಾವಾಗಲೂ ಮೂಲ ಬಟ್ಟೆಗಿಂತ ಬಡವಾಗಿರಬೇಕು. ಎಳೆದಾಟವಾದರೆ ಹರಿಯುವುದು ತೇಪೆಯಾಗಲಿ, ನಕ್ಷೆ ಬೇಡ. ಬಣ್ಣ ಹೊಂದಲಿ ಎಂದು ಟೀ ಡಿಕಾಕ್ಷನ್ನಿನಲ್ಲಿ ಅದ್ದೋಣ ಅನ್ನಿಸಿತ್ತು. ಟೀಯಲ್ಲಿರುವ ಒಗರು ಆಮ್ಲದ ಜಾತಿ, ಕಾಗದಕ್ಕೆ ಒಳ್ಳೆಯದಲ್ಲ. ಬಿಟ್ಟೆ.

15 ಮಿಲಿಮೀಟರ್ ಅಗಲದ ಪಟ್ಟಿಗಳು. ಹಾಸಿನ ಉದ್ದಕ್ಕೇ ಕತ್ತರಿಸಬೇಕು. ಹೊಕ್ಕಿನ ಕಡೆ ಕತ್ತರಿಸಿದರೆ ಅಂಟು ತಾಗಿದಾಗ ಉದ್ದ ಎಳೆದುಕೊಳ್ಳುತ್ತದೆ, ಒಣಗಿದ ಮೇಲೆ ನಕ್ಷೆ ಸೊಟ್ಟಗಾಗುತ್ತದೆ. ಅಂಚಿನ ಎರಡು ಎಳೆ ಬಿಡಿಸಿ ಜೂಲು ಮಾಡಿದರೆ ಪಟ್ಟಿಯ ಗೆರೆ ಮುಂದಿನಿಂದ ಉಬ್ಬಿ ಕಾಣುವುದಿಲ್ಲ.

ಮೊದಲ ಪಟ್ಟಿ ಚೆನ್ನಾಗಿ ಕೂತಿತು. ಒಣಗಿದ ಮೇಲೆ ಮಡಿಸಲು ನೋಡಿದರೆ ಹಪ್ಪಳದ ಹಾಗೆ ಸೆಟೆದು ನಿಂತಿತು. ಸಂದಿನ ಜಾಗದಲ್ಲೂ ಅಂಟು ಹೋಗಿ ಬಟ್ಟೆ ಗಟ್ಟಿಯಾಗಿತ್ತು. ಬಲವಾಗಿ ಮಡಿಸಿದರೆ ಅಲ್ಲೇ ಮುರಿಯುವುದು ಖಂಡಿತ. ಆಗ ನೆನಪಾಯಿತು ಬೈಂಡರ್ ಹೇಳಿದ ಮೂರನೇ ಮಾತು. “ಮಡಿಕೆ ಜಾಗಕ್ಕೆ ಅಂಟು ಮುಟ್ಟಿಸ್ಬೇಡಿ ಸಾರ್. ಒಂದು ದಾರ ಇಟ್ಕೊಳ್ಳಿ.” ಒದ್ದೆ ಬ್ರಶ್ಶಿನಿಂದ ಮೊದಲ ಪಟ್ಟಿ ಬಿಡಿಸಿದೆ. ಗೋಧಿ ಅಂಟಿನ ದೊಡ್ಡ ಗುಣ ಅದು, ಐದು ನಿಮಿಷದಲ್ಲಿ ಬಿಟ್ಟುಕೊಂಡಿತು. ಎರಡನೇ ಸಲ ಪಟ್ಟಿಯ ನಡುವೆ ಉದ್ದಕ್ಕೆ ಹೂ ಕಟ್ಟುವ ದಪ್ಪ ದಾರ ಎಳೆದು ಹಿಡಿದು, ಅದರ ಎರಡೂ ಪಕ್ಕ ಅಂಟು ಹಚ್ಚಿ, ದಾರ ಎತ್ತಿಬಿಟ್ಟೆ. ನಡುವೆ ಎರಡು ಮಿಲಿಮೀಟರ್ ಒಣ ಬಟ್ಟೆ ಉಳಿಯಿತು. ಮಡಿಕೆ ಈಗ ಹಳೇ ಪುಸ್ತಕದ ಬೆನ್ನಿನ ಹಾಗೆ ಸಲೀಸಾಗಿ ಬೀಳುತ್ತದೆ. ನಾನು ಇಡೀ ರಾತ್ರಿ ವಿಡಿಯೋ ನೋಡಿದರೂ ಸಿಗದ ವಿಷಯ ಅದು.

ಮೂಲೆ ತೂತುಗಳಿಗೆ ಪಂಚೆಯದೇ ಸಣ್ಣ ಗುಂಡು ಬಿಲ್ಲೆ. ಚೌಕದ ತೇಪೆಯಾದರೆ ಮೂಲೆ ಏಳುತ್ತದೆ, ಗುಂಡಾದರೆ ಏಳುವುದಿಲ್ಲ. ಎದ್ದ ಅಂಚುಗಳ ಕೆಳಗೆ ಒಂದು ನಂಬರ್ ಬ್ರಶ್ಶಿನಿಂದ ಅಂಟು ತೂರಿಸಿ, ಮೇಲೆ ಅಂಟದ ಪಾಲಿಯೆಸ್ಟರ್ ಬಟ್ಟೆ, ಬ್ಲಾಟಿಂಗ್ ಪೇಪರ್, ಅದರ ಮೇಲೆ ಅಡುಗೆಮನೆ ಕಟ್ಟೆ ಮಾಡಿಸುವಾಗ ಉಳಿದಿದ್ದ ಕಡಪ ಕಲ್ಲಿನ ತುಂಡು ಹೇರಿದೆ.

ಒಂಬತ್ತನೇ ತುಂಡು ಅಂಟಿಸಿದ್ದು ಎಲ್ಲಕ್ಕಿಂತ ಕೊನೆಗೆ. ಈ ಸಲ ಕಾಗದಕ್ಕೆ ಅಂಟು ಹಚ್ಚಲಿಲ್ಲ. ಬಟ್ಟೆಗೆ ಗಟ್ಟಿ ಅಂಟು ತೆಳ್ಳಗೆ ಹಚ್ಚಿ, ಕೈಗೆ ಹತ್ತದಷ್ಟು ಆರುವವರೆಗೆ ಕಾದು, ಆಮೇಲೆ ತುಂಡು ಇಟ್ಟೆ. ನೀರಿನ ಅಂಶ ಮೇಲಕ್ಕೆ ಹೋಗಲೇಬಾರದು. ಹತ್ತು ನಿಮಿಷಕ್ಕೊಮ್ಮೆ ಬ್ಲಾಟಿಂಗ್ ಪೇಪರ್ ಎತ್ತಿ ನೋಡಿದೆ. ನೇರಳೆ ಬರಲಿಲ್ಲ. ಸ್ಥಾನ ಮಾತ್ರ ಕೂದಲೆಳೆಯಷ್ಟು ವಾಲಿದೆ. ಅಫುಲಾದ ರೈಲು ಗೆರೆ ಸಂದು ದಾಟುವಾಗ ಅರ್ಧ ಮಿಲಿಮೀಟರ್ ಮೇಲೆ ಹತ್ತುತ್ತದೆ. 1905ರಲ್ಲಿ ಹಾಕಿದ ಹೈಫಾ-ದರಾ ಲೈನು. ಅದನ್ನು ನಾನು ಹಳಿ ತಪ್ಪಿಸಿದೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ.

ಮಡಿಸಿ ಇಡುವುದು

ಜುಲೈ ಮಳೆಯಲ್ಲಿ ಒಣಗಲು ಒಂಬತ್ತು ದಿನ ಹಿಡಿಯಿತು. ದಿನಕ್ಕೆರಡು ಸಲ ಬ್ಲಾಟಿಂಗ್ ಪೇಪರ್ ಬದಲಿಸಿದೆ, ಒದ್ದೆಯಾದವನ್ನು ಫ್ಯಾನಿನ ಕೆಳಗೆ ಒಣಗಿಸಿ ಮತ್ತೆ ಹಾಕಿದೆ. ಬೂಷ್ಟು ಬರಲಿಲ್ಲ.

ಸಂಗ್ರಹಕಾರ ಗೆಳೆಯರು ಬಿಡಿಸಿ ಫ್ರೇಮ್ ಹಾಕಿಸು ಅಂದರು. ಗೋಡೆಗೆ ಚಂದ ಕಾಣುತ್ತಿತ್ತು, ನಿಜ. ಆದರೆ ಬಿಸಿಲಿಗೆ ಕಾಪಿಯಿಂಗ್ ಪೆನ್ಸಿಲಿನ ನೇರಳೆ ಮಾಸುತ್ತದೆ. ಅದೂ ಅಲ್ಲದೆ ಇದು ಮಡಿಸಲೆಂದೇ ಕತ್ತರಿಸಿದ ನಕ್ಷೆ. ಗೋಡೆಗೆ ಹಾಕುವುದಾದರೆ ಇಷ್ಟೆಲ್ಲ ಪಟ್ಟಿ, ದಾರ ಯಾಕೆ ಬೇಕಿತ್ತು? ಮಡಿಸಿಯೇ ಇಟ್ಟೆ.

ಹಳೇ ರಟ್ಟಿನ ಹೊದಿಕೆಯೊಳಗೆ ಅದು ಈಗ ಹೋಗುವುದಿಲ್ಲ. ಪಂಚೆಯ ಪಟ್ಟಿಗಳಿಂದ ಬೆನ್ನು ಮೂರು ಮಿಲಿಮೀಟರ್ ದಪ್ಪವಾಗಿದೆ. ತುರುಕಿದರೆ ಒಂದೇ ಸಲಕ್ಕೆ ಮಾಡಿದ ಕೆಲಸವೆಲ್ಲ ಹಾಳು. ಆಮ್ಲವಿಲ್ಲದ ರಟ್ಟಿನಿಂದ ಒಂದು ಪೆಟ್ಟಿಗೆ ಮಾಡಿದೆ. ನಕ್ಷೆಗೆ ಒಂದು ಮನೆ, ಹಳೇ ಹೊದಿಕೆಗೆ ಪಕ್ಕದಲ್ಲಿ ಒಂದು ಮನೆ. ನೇರಳೆ ಗೆರೆ ಕನ್ನಡಿಯ ಹಾಗೆ ಮೂಡಿದ ಬ್ಲಾಟಿಂಗ್ ಪೇಪರನ್ನು ಎಸೆಯಲು ಮನಸ್ಸಾಗಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಳಕ್ಕಿಟ್ಟೆ, ನಕ್ಷೆಗೆ ತಾಗದ ಹಾಗೆ.

ಮುಚ್ಚಳದ ಒಳಗೆ ಒಂದು ಚೀಟಿ ಇದೆ. ಸೀಸದ ಪೆನ್ಸಿಲಿನಲ್ಲಿ ಬರೆದಿದ್ದೇನೆ, ನೆನೆಸಿ ಪರೀಕ್ಷೆ ಮಾಡಿದ ಪೆನ್ಸಿಲಿನಲ್ಲಿ. ಮುಂದೆ ಯಾರಾದರೂ ಇದನ್ನು ಬಿಚ್ಚಿ ರಿಪೇರಿ ಮಾಡಬೇಕಾಗಿ ಬಂದರೆ ಅವರಿಗೆ. ‘ಅಂಟು: ಗೋಧಿ ಪಿಷ್ಟ, ಮೈಲುತುತ್ತ ಇಲ್ಲ. ಪಟ್ಟಿ: ಹತ್ತಿ ಪಂಚೆ. ಮಡಿಕೆಯ ಸಾಲಿನಲ್ಲಿ ಅಂಟಿಲ್ಲ. ಸೂಜಿ ತೂತು ಮುಚ್ಚಿಲ್ಲ, ಮುಚ್ಚಬೇಡಿ. 9ನೇ ತುಂಡಿನ ಗೆರೆ ಹರಡಿದ್ದು ನನ್ನಿಂದ. 10ನೇ ತುಂಡಿಗೆ ನೀರು ತಾಗಿಸಬೇಡಿ.’